ಕರಿ ತಂತಿ, ನೀಲಿ ತಂತಿ

ಎರಡನೆಯ ಸ್ಕ್ರೂ ಸಡಿಲವಾಗುವ ಹೊತ್ತಿಗೆ ನೀಲಗಂಗಾಳ ತೋಳು ಸೋತಿತ್ತು. ಸ್ಟೂಲಿನ ಮೇಲೆ ನಿಂತು, ದಾರದ ತುಂಡೊಂದನ್ನು ಹಲ್ಲಲ್ಲಿ ಕಚ್ಚಿಕೊಂಡೇ, ಗೋಡೆಯ ಡಬ್ಬಿಯ ಮುಖವನ್ನು ಮೆಲ್ಲಗೆ ಮುಂದಕ್ಕೆ ಎಳೆದಳು. ಅದರ ಬೆನ್ನಿಗೆ ಐದು ತೆಳ್ಳನೆಯ ತಂತಿಗಳು ಹೊರಬಂದವು, ಜತೆಗೆ ಒಂದಿಷ್ಟು ಸುಣ್ಣದ ಪುಡಿ. ಮೇನ್ ಸ್ವಿಚ್ಚು ಆರಿಸಿದ್ದೇನೋ ಇಲ್ಲವೋ ಎಂದು ಇಳಿದು ಹೋಗಿ ಮತ್ತೊಮ್ಮೆ ನೋಡಿ ಬಂದಳು. ಕಿತ್ತುಹಾಕುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕು, ಯಾವ ತಂತಿ ಎಷ್ಟನೆಯ ಸ್ಕ್ರೂವಿನಲ್ಲಿತ್ತೋ ಆ ಸಂಖ್ಯೆಯ ಚೀಟಿಯನ್ನು ಅದಕ್ಕೆ ಕಟ್ಟಬೇಕು ಎಂದು ಹೊಸ ಡಬ್ಬಿಯ ಜತೆ ತಂಪುಜಾಲ ಮಂಡಳಿ ಕೊಟ್ಟ ಪುಸ್ತಿಕೆಯಲ್ಲಿತ್ತು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಚೀಟಿಗಳನ್ನು ಮಾಡಿಕೊಂಡಿದ್ದಳು.

ಥರ್ಮೋಸ್ಟಾಟ್ ಎಂಬುದು ಅದರ ಸರಿಯಾದ ಹೆಸರು. ಕಲಬುರಗಿಯ ಓಣಿಗಳಲ್ಲಿ ಅದು ಬರೀ ಗ್ವಾಡಿ ಡಬ್ಬಿ. ಉಳಿದವರ ಮನೆಗಳಲ್ಲಿ ಎದೆಯೆತ್ತರಕ್ಕೆ ಇರುತ್ತದೆ. ಈ ಮನೆಯಲ್ಲಿ ಮಾತ್ರ ಗಂಡ ರೇವಣಸಿದ್ಧ ಅದನ್ನು ನಡುಮನೆಯ ಬಾಗಿಲ ಮೇಲೆ, ಗೋಡೆ ಗಡಿಯಾರದ ಹಾಗೆ ಕೂಡಿಸಿದ್ದ. ಬಂದವರ ಕಣ್ಣಿಗೆ ಮೊದಲು ಬೀಳಲಿ ಎಂಬ ಆಸೆ ಅವನದು. ನಲವತ್ತು ವರ್ಷ ಮನೆಮನೆಗೆ ವೈರಿಂಗ್ ಮಾಡಿದವನು ಅವನು. ಮಂಡಳಿಯ ಕೆಲಸಗಾರರಿಗಾಗಿ ಕಾಯದೆ ತನ್ನ ಕೈಯಾರೆ ಮಾಡಿದ್ದ.

ಬೇಸಿಗೆಯ ಬಿಸಿಲು ಐವತ್ತು ಡಿಗ್ರಿ ದಾಟತೊಡಗಿದ ಮೇಲೆ ಊರಿನ ಮನೆಗಳಿಗೆಲ್ಲ ತಂಪುಜಾಲ ಬಂದಿತ್ತು. ಊರ ಹೊರಗಿನ ಸ್ಥಾವರದಲ್ಲಿ ತಣ್ಣಗಾದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಪ್ರತಿ ಮನೆಯ ಮಾಳಿಗೆಯ ಮೇಲಿನ ಪೆಟ್ಟಿಗೆಗೆ ಬರುತ್ತದೆ. ಆ ಪೆಟ್ಟಿಗೆ ಒಳಗೆ ತಂಪು ಗಾಳಿ ಬಿಡುತ್ತದೆ. ಯಾವ ಹೊತ್ತಿಗೆ ಎಷ್ಟು ತಂಪು ಬೇಕು ಎಂದು ಗೋಡೆಯ ಡಬ್ಬಿಗೆ ಒಮ್ಮೆ ಹೇಳಿಟ್ಟರೆ ಸಾಕು. ಸ್ಥಾವರಕ್ಕೆ ಇಡೀ ಊರನ್ನು ತಂಪು ಮಾಡುವ ತ್ರಾಣವಿಲ್ಲದ ದಿನ ನಿಯಂತ್ರಣ ಕೋಣೆಯಿಂದ ಕಡಿತದ ಆಜ್ಞೆ ಬರುತ್ತದೆ. ಆಗ ಡಬ್ಬಿ ದೊಡ್ಡ ವಾಲ್ವನ್ನು ಮುಚ್ಚಿ ಸಣ್ಣದೊಂದನ್ನು ತೆರೆಯಬೇಕು. ಸಣ್ಣ ವಾಲ್ವಿನಿಂದ ಬರುವುದು ಒಂದೇ ಕೋಣೆಗೆ ಸಾಲುವಷ್ಟು ತಂಪು. ಮುದುಕರನ್ನೂ ಕೂಸುಗಳನ್ನೂ ಆ ಕೋಣೆಯಲ್ಲಿ ಮಲಗಿಸಿದರೆ ಜೀವಕ್ಕೆ ಭಯವಿಲ್ಲ.

ಹಾಗೆಂದು ಊರಿಗೆಲ್ಲ ಹೇಳಿಕೊಟ್ಟವರಲ್ಲಿ ನೀಲಗಂಗಾಳೂ ಒಬ್ಬಳು. ಅವಳು ಆ ನಿಯಂತ್ರಣ ಕೋಣೆಯಲ್ಲಿ ಏಳು ವರ್ಷ ಕೆಲಸ ಮಾಡಿದ್ದಳು. ಕಳೆದ ಮೇ ತಿಂಗಳ ಒಂದು ಮಧ್ಯಾಹ್ನದ ತನಕ.

ಆ ಮಧ್ಯಾಹ್ನ ಎರಡೂ ಹತ್ತಕ್ಕೆ ಸ್ಥಾವರದ ಒಂದು ಪಂಪು ನಿಂತಿತು. ಒಂದು ವಾರ್ಡಿನ ದೊಡ್ಡ ವಾಲ್ವುಗಳನ್ನು ಕೂಡಲೇ ಮುಚ್ಚದಿದ್ದರೆ ಇಡೀ ಜಾಲವೇ ಕುಸಿಯುವಂತಿತ್ತು. ಪಾಳಿಯ ಪ್ರಕಾರ ಬಂದದ್ದು ಹನ್ನೊಂದನೆಯ ವಾರ್ಡು, ಅವಳದೇ ಮನೆಯಿದ್ದ ವಾರ್ಡು. ಅಲ್ಲಿಗೆ ತಂಪುಜಾಲ ಬಂದು ಆರು ತಿಂಗಳಾಗಿತ್ತು, ಇದೇ ಮೊದಲ ಕಡಿತ. ನಿಯಮದಂತೆ ಮೂರು ಹಂತಗಳಲ್ಲಿ ಕಡಿತ ಮಾಡಬೇಕು, ಅದಕ್ಕೆ ಹನ್ನೆರಡು ನಿಮಿಷ ಬೇಕು. ಮೇಲಧಿಕಾರಿ ಜಹಗೀರದಾರರು ಅಷ್ಟು ಹೊತ್ತಿಲ್ಲ ಎಂದರು. ಅವಳು ಒಂದೇ ಹಂತದಲ್ಲಿ ಆಜ್ಞೆ ಕಳಿಸಿದಳು. ಪರದೆಯ ಮೇಲೆ ಸಾವಿರದ ಚಿಲ್ಲರೆ ಹಸಿರು ಚೌಕಗಳು ಒಂದೊಂದಾಗಿ ಹಳದಿಯಾದವು. ಒಂದೇ ಒಂದು ಚೌಕ ಹಳದಿಯಾಗದೆ ಬೂದಿಬಣ್ಣಕ್ಕೆ ತಿರುಗಿತು. ಸಂಪರ್ಕ ತಪ್ಪಿದರೆ ಹಾಗಾಗುವುದುಂಟು. ದಿನಕ್ಕೆ ಹತ್ತು ಸಲ ಆಗುತ್ತದೆ, ತಾನಾಗಿಯೇ ಸರಿಹೋಗುತ್ತದೆ. ಅವಳು ಅದನ್ನು ನೋಡಿದಳು. ಯಾರ ಮನೆ ಎಂದು ಮುಟ್ಟಿ ನೋಡಲಿಲ್ಲ.

ಆ ಮನೆಯ ಒಳಕೋಣೆಯಲ್ಲಿ ಅತ್ತೆ ಭಾಗಮ್ಮ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಮಲಗಿದ್ದಳು. ತಂಪು ಹೊರಗೆ ಹೋಗಬಾರದು ಎಂದು ಮುಚ್ಚುವುದನ್ನು ಅವಳಿಗೆ ಕಲಿಸಿದ್ದೂ ನೀಲಗಂಗಾಳೇ. ನಾಲ್ಕು ಗಂಟೆಗೆ ರೇವಣಸಿದ್ಧ ಅಂಗಡಿಯಿಂದ ಬಂದಾಗ ಬಾಗಿಲ ಚಿಲಕ ಮುಟ್ಟಲಾರದಷ್ಟು ಕಾದಿತ್ತಂತೆ. ಒಳಗೆ ಅವಳ ಉಸಿರು ನಿಂತಿತ್ತು.

ಮಾಳಿಗೆಯ ಪೆಟ್ಟಿಗೆಯ ಫ್ಯೂಸು ಸುಟ್ಟದ್ದನ್ನು ಕಂಡ ಮಂಡಳಿಯವರು, ಆಪರೇಟರು ಒಮ್ಮೆಲೇ ಕಡಿತ ಮಾಡಿದ್ದರಿಂದ ವಿದ್ಯುತ್ತು ಉಬ್ಬಿ ಹೀಗಾಯಿತು ಎಂದು ವರದಿ ಬರೆದರು. ಉಳಿದ ಮನೆಗಳ ಫ್ಯೂಸು ಯಾಕೆ ಉಳಿದವು ಎಂಬ ಪ್ರಶ್ನೆಗೆ, ಇದು ದುರ್ಬಲ ಫ್ಯೂಸಾಗಿದ್ದೀತು ಎಂಬ ಒಂದು ಸಾಲು. ಗೋಡೆಯ ಡಬ್ಬಿಯನ್ನು ಬಿಚ್ಚಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಆ ಬೇಸಿಗೆಯಲ್ಲಿ ಮತ್ತೆ ಕಡಿತವೇ ಆಗಲಿಲ್ಲ. ನೀಲಗಂಗಾಳನ್ನು ದಾಖಲೆ ಕೋಣೆಗೆ ಹಾಕಿದರು. ಹೊಸದಾಗಿ ಸೇರುವ ಆಪರೇಟರುಗಳಿಗೆ ಈಗ ‘ಹನ್ನೊಂದನೆಯ ವಾರ್ಡಿನ ತಪ್ಪು’ ಎಂಬ ಒಂದು ಪಾಠವಿದೆ. ಪಾಠದಲ್ಲಿ ಅವಳ ಹೆಸರಿಲ್ಲ. ಆದರೂ ಕಚೇರಿಯ ಊಟದ ಕೋಣೆಯಲ್ಲಿ ಯಾರೋ ಒಬ್ಬರು ಅವಳತ್ತ ಗದ್ದ ತೋರಿಸಿ ಆ ಕೊರತೆ ತುಂಬುತ್ತಾರೆ. ಅವಳು ಮೇಲ್ಮನವಿ ಹಾಕಿದ್ದಳು. ಅದು ಹತ್ತು ತಿಂಗಳಿಂದ ಹಾಗೇ ಇತ್ತು.

ಕೆಂಪಿಗೆ ಒಂದು, ಹಳದಿಗೆ ಎರಡು, ಹಸಿರಿಗೆ ಮೂರು. ನೀಲಿ ತಂತಿಗೆ ನಾಲ್ಕನೆಯ ಚೀಟಿ, ಕರಿ ತಂತಿಗೆ ಐದನೆಯದು. ಕಟ್ಟಿ ಮುಗಿಸಿ ಹಳೆಯ ಡಬ್ಬಿಯನ್ನು ಬಿಡಿಸಿದಳು. ಹೊಸದನ್ನು ಗೋಡೆಗೆ ಒತ್ತಿ, ಪುಸ್ತಿಕೆಯ ಚಿತ್ರ ನೋಡಿದಳು. ಚಿತ್ರದಲ್ಲಿ ನಾಲ್ಕನೆಯದು ಕರಿ, ಐದನೆಯದು ನೀಲಿ. ಹೊಸ ಮಾದರಿಯಲ್ಲಿ ಜಾಗ ಬದಲಾಗಿರಬೇಕು ಎಂದುಕೊಂಡು ಪುಟ ಮಗುಚಿದರೆ, ಹಳೆಯದಕ್ಕೂ ಹೊಸದಕ್ಕೂ ತಂತಿಗಳ ಜಾಗ ಒಂದೇ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಆ ಹೊತ್ತಿಗೆ ಅಂಗಳದಲ್ಲಿ ಕುಳಿತು ತೊಗರಿಬೇಳೆ ಆರಿಸುತ್ತಿದ್ದ ರೇವಣಸಿದ್ಧ ಅಲ್ಲಿಂದಲೇ ಕೂಗಿ ಹೇಳಿದ.

“ನೀಲಾ, ಕರೀದು ನ್ಯೂಟ್ರಲ್ ನೋಡು. ಕಡೀ ಸ್ಕ್ರೂಕ್ಕ ಹಾಕು. ನನ್ ಕೈ ನಡಗತಾವಂತ ನಿನಗ ಬಿಟ್ಟೀನಿ, ಇಲ್ಲಂದ್ರ ಇಷ್ಟೊತ್ತಿಗೆ ಆಗಿಹೋಗತಿತ್ತು.”

ಅವಳ ಬೆರಳುಗಳು ಕರಿ ತಂತಿಯ ಮೇಲೆಯೇ ನಿಂತವು. ಹೌದು, ಮನೆಯ ವೈರಿಂಗಿನಲ್ಲಿ ಕರಿ ಎಂದರೆ ನ್ಯೂಟ್ರಲ್, ಹೋದ ವಿದ್ಯುತ್ತು ಮರಳಿ ಬರುವ ದಾರಿ. ಹದಿನಾರನೆಯ ವಯಸ್ಸಿನಿಂದ ಅವನ ಕೈಗೆ ಅದೊಂದೇ ಗೊತ್ತು. ಆದರೆ ತಂಪುಜಾಲದಲ್ಲಿ ಮರಳುವ ತಂತಿ ನೀಲಿ. ಕರಿಯದು ಸಣ್ಣ ವಾಲ್ವಿನದು.

ಹಳೆಯ ಡಬ್ಬಿ ಕೂಡಿಸುವಾಗ ಪುಸ್ತಿಕೆ ನೋಡಿದ್ದಿರಾ ಎಂದು ಕೇಳಿದಳು. ತನ್ನ ದನಿ ಮಾಮೂಲಿನಂತೆಯೇ ಕೇಳಿಸಿತೆಂದು ಅವಳಿಗೆ ಆಶ್ಚರ್ಯವಾಯಿತು. ಅವನು ನಕ್ಕ. ಈ ಹುಡುಗರು ಬರೆದ ಪುಸ್ತಕ ಓದಿ ತಂತಿ ಕಟ್ಟುವ ಗತಿ ತನಗೆ ಬಂದಿಲ್ಲ ಎಂದ. ಅವತ್ತು ಅವ್ವ ಇದೇ ಸ್ಟೂಲು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳೆಂದೂ, ಗಾಳಿ ಬಂದೊಡನೆ ಬೆವರಿದ ಕುತ್ತಿಗೆಯ ಮೇಲಿನ ಸೆರಗು ಸರಿಸಿ ನಿಂತುಬಿಟ್ಟಳೆಂದೂ ಹೇಳಿ ಮತ್ತೆ ಬೇಳೆಗೆ ಕೈಹಾಕಿದ.

ನೀಲಗಂಗಾ ಕರಿಯನ್ನು ನಾಲ್ಕಕ್ಕೂ ನೀಲಿಯನ್ನು ಐದಕ್ಕೂ ಹಾಕಿ ಬಿಗಿದಳು. ಮೇನ್ ಹಾಕಿದಾಗ ಡಬ್ಬಿ ಬೆಳಗಿ, ಒಂದೊಂದಾಗಿ ಪ್ರಶ್ನೆ ಕೇಳತೊಡಗಿತು. ಮನೆಯಲ್ಲಿ ಎಷ್ಟು ಜನ. ಎರಡು ಎಂದು ಒತ್ತಿದಳು. ಎಪ್ಪತ್ತು ದಾಟಿದವರು ಎಷ್ಟು. ಸೊನ್ನೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮನೆಯಲ್ಲಿ ಎಷ್ಟು ಜನ ಇರುತ್ತಾರೆ. ಅದಕ್ಕೂ ಸೊನ್ನೆ ಒತ್ತಬೇಕಾಗಿತ್ತು. ಒತ್ತಲು ಬಹಳ ಹೊತ್ತು ಹಿಡಿಯಿತು. ಡಬ್ಬಿ ಕಾದು ಕಾದು ತನ್ನಷ್ಟಕ್ಕೇ ಆರಿತು. ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಮರುದಿನ ಕಚೇರಿಯಲ್ಲಿ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದ ಮೇಲೆ ಅವಳು ತರಬೇತಿ ಕೋಣೆಗೆ ಹೋದಳು. ಅಲ್ಲಿ ಕಲಿಯುವವರಿಗಾಗಿ ಒಂದು ಮೇಜಿನ ಮೇಲೆ ಪೆಟ್ಟಿಗೆ, ವಾಲ್ವುಗಳು, ಗೋಡೆಯ ಡಬ್ಬಿ ಎಲ್ಲವನ್ನೂ ಜೋಡಿಸಿಟ್ಟಿದ್ದರು. ಕರಿಯನ್ನೂ ನೀಲಿಯನ್ನೂ ಅದಲುಬದಲು ಮಾಡಿ ಚಾಲೂ ಮಾಡಿದಳು. ಎಲ್ಲವೂ ಸರಿಯಾಗಿಯೇ ನಡೆಯಿತು. ಡಬ್ಬಿಗೆ ಬೇಕಾದ ಚೂರು ವಿದ್ಯುತ್ತು ಸಣ್ಣ ವಾಲ್ವಿನ ಸುರುಳಿಯನ್ನು ಹಾದು ಹೇಗೋ ಮರಳುತ್ತಿತ್ತು. ಹೀಗೆ ವರ್ಷಗಟ್ಟಲೆ ನಡೆದರೂ ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಕಡಿತದ ಆಜ್ಞೆ ಕಳಿಸಿದಳು. ಸಣ್ಣ ವಾಲ್ವು ತೆರೆಯಲೆಂದು ಡಬ್ಬಿ ನಾಲ್ಕನೆಯ ಸ್ಕ್ರೂವಿಗೆ ವಿದ್ಯುತ್ತು ಬಿಟ್ಟಿತು. ಅಲ್ಲಿದ್ದದ್ದು ಮರಳುವ ತಂತಿ. ಟಕ್ ಎಂಬ ಸಣ್ಣ ಸದ್ದಿನೊಂದಿಗೆ ಫ್ಯೂಸು ಸುಟ್ಟಿತು, ಡಬ್ಬಿ ಆರಿತು, ಸಣ್ಣ ವಾಲ್ವು ಮುಚ್ಚಿಯೇ ಉಳಿಯಿತು, ಮೂಲೆಯ ಪರದೆಯಲ್ಲಿ ಚೌಕ ಬೂದಿಬಣ್ಣಕ್ಕೆ ತಿರುಗಿತು.

ಹೊಸ ಫ್ಯೂಸು ಹಾಕಿ, ಈ ಸಲ ನಿಯಮದಂತೆ ಮೂರು ಹಂತಗಳಲ್ಲಿ ಆಜ್ಞೆ ಕಳಿಸಿದಳು. ಆಗಲೂ ಟಕ್ ಎಂದಿತು.

ಅವಳು ಕುರ್ಚಿಯಲ್ಲಿ ಕುಳಿತಳು. ಹತ್ತು ತಿಂಗಳಿಂದ ಎದೆಯ ಮೇಲೆ ಕುಳಿತಿದ್ದದ್ದು ಎದ್ದುಹೋಗಬೇಕಿತ್ತು. ಒಂದು ಗಳಿಗೆ ಹೋಯಿತು ಕೂಡ. ಆಮೇಲೆ ಆ ಬೂದಿಬಣ್ಣದ ಚೌಕದ ಮೇಲೆ ಕಣ್ಣು ಹೋಯಿತು. ಆ ದಿನ ಅದನ್ನು ಮುಟ್ಟಿ ನೋಡಿದ್ದರೆ ಮನೆಯ ನಂಬರು ಬರುತ್ತಿತ್ತು, ಒಂದು ಫೋನು ಹೋಗುತ್ತಿತ್ತು, ನೆರೆಮನೆಯವರು ಬಾಗಿಲು ತೆಗೆಯುತ್ತಿದ್ದರು. ಫ್ಯೂಸು ಯಾರದಾದರೇನು, ಮುಟ್ಟದೆ ಇದ್ದ ಬೆರಳು ಅವಳದು.

ಅದೇ ವಾರ ನಾದಿನಿ ಕಸ್ತೂರಿ ಬಂದಳು. ಅವ್ವನ ವರ್ಷದ ಪುಣ್ಯತಿಥಿಗೆ ಯಾರನ್ನು ಕರೆಯಬೇಕು, ಜಂಗಮರಿಗೆ ಏನು ಅಡಿಗೆ ಎಂಬ ಮಾತಿಗೆ. ಅಣ್ಣ ತಂಗಿ ಪಡಸಾಲೆಯಲ್ಲಿ ಕುಳಿತಿದ್ದರು. ನೀಲಗಂಗಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹೊಸ ಡಬ್ಬಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕಸ್ತೂರಿ, ಇದನ್ನು ಕೂಡಿಸಿದವರು ಯಾರು ಎಂದಳು. ಅತ್ತಿಗೆಯೇ ಎಂದು ತಿಳಿದಾಗ ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಅಂದಳು.

“ಭಾಳ ಚಲೋ ಆತು. ಮುಂಚಿ ಅಲ್ಲಿ ಕುಂತು ಬಂದ್ ಮಾಡತಿದ್ರು, ಈಗ ಇಲ್ಲಿ ನಿಂತs ಮಾಡಬಹುದು.”

ರೇವಣಸಿದ್ಧ ಅವಳನ್ನು ಗದರಿಸಿದ. ಹೊಟ್ಟೆಪಾಡಿನ ಕೆಲಸ, ಮೇಲಿನವರು ಹೇಳಿದರು, ಇವಳು ಮಾಡಿದಳು, ತನ್ನ ಮನಸ್ಸಿನಲ್ಲಿ ಒಂದಿಷ್ಟೂ ಇಲ್ಲ ಎಂದ. ಹತ್ತು ತಿಂಗಳಲ್ಲಿ ಈ ಮಾತನ್ನು ಅವನು ಬೀಗರಿಗೆ, ನೆರೆಯವರಿಗೆ, ಹಾಲಿನವನಿಗೆ ಸಹ ಹೇಳಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ. ಪ್ರತಿ ಸಲವೂ ಆ ಕ್ಷಮೆಯನ್ನು ನೀಲಗಂಗಾ ತಲೆ ತಗ್ಗಿಸಿ ತೆಗೆದುಕೊಂಡಿದ್ದಳು, ಎಂಜಲು ತಟ್ಟೆ ಎತ್ತುವಷ್ಟು ಅಭ್ಯಾಸವಾಗಿತ್ತು. ಈಗ ಮಾತ್ರ ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲಿಗೆ ಬಂದಳು. ಆ ತಂತಿ ಹಾಕಿದ್ದು ಯಾರೆಂದು ಹೇಳಲು ಬರೀ ನಾಲ್ಕು ಶಬ್ದ ಸಾಕಿತ್ತು.

ರೇವಣಸಿದ್ಧ ತಂಗಿಯ ಕಡೆಗೂ ನೋಡದೆ, ಇವಳ ಕಡೆಗೂ ನೋಡದೆ, ಒಳಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡುತ್ತಿದ್ದ.

“ಒಂದ್ ಸಮಾಧಾನ ಅದ ನೋಡು ಕಸ್ತೂರಿ. ನಮ್ಮವ್ವ ಹುಟ್ಟಿದಾಗಿಂದ ಹೆಂಚಿನ ಮುಂದs ಬೆಂದಾಕಿ. ಕಡೀ ಆರ್ ತಿಂಗಳು ನಾ ಕಟ್ಟಿಕೊಟ್ಟ ತಂಪಿನಾಗ ಮಕ್ಕೊಂಡಾಳ. ನನ್ನಿಂದ ಆಕಿಗಿ ಅದೊಂದರ ಆತು.”

ಕಸ್ತೂರಿ ಕಣ್ಣೊರಸಿಕೊಂಡಳು. ನೀಲಗಂಗಾ, ಯಾಕೆ ಬಂದೆ ಎಂದು ಯಾರೂ ಕೇಳುವ ಮೊದಲೇ ತಿರುಗಿ ಹೋದಳು. ಹೆಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲು ಕರಕಾಗಿತ್ತು. ಅದನ್ನು ತನ್ನ ಪಾಲಿಗೆ ಇಟ್ಟುಕೊಂಡು ಬೇರೆ ಬಡಿದಳು.

ಆದರೆ ಸುಮ್ಮನಿರುವುದೂ ಆಗುತ್ತಿರಲಿಲ್ಲ. ಈ ಊರಿನಲ್ಲಿ ಕರಿಯೆಂದರೆ ನ್ಯೂಟ್ರಲ್ ಎಂದು ಕೈಯೇ ಕಲಿತ ಹಳೆಯ ವೈರಿಂಗಿನವರು ರೇವಣಸಿದ್ಧನೊಬ್ಬನೇ ಅಲ್ಲ. ಸಾವಿರಾರು ಮನೆಗಳಲ್ಲಿ ಹೊಸ ಡಬ್ಬಿಗಳು ಕೂಡುತ್ತಿದ್ದವು. ಮೇ ತಿಂಗಳ ಬಿಸಿಲಿಗೆ ಎರಡು ತಿಂಗಳಿತ್ತು. ಮೂರು ದಿನ ಯೋಚಿಸಿ ಅವಳು ಜಹಗೀರದಾರರಿಗೆ ಒಂದು ಟಿಪ್ಪಣಿ ಬರೆದಳು. ತರಬೇತಿ ಮೇಜಿನ ಮೇಲೆ ಹೀಗೆ ಮಾಡಿ ನೋಡಿದೆ, ಹೀಗಾಯಿತು. ಬಿಸಿಲು ಏರುವ ಮುಂಚೆ ಒಂದು ತಣ್ಣನೆಯ ಬೆಳಿಗ್ಗೆ ಎಲ್ಲ ಮನೆಗಳಿಗೂ ಕಡಿತದ ಆಜ್ಞೆ ಕಳಿಸಿ ನೋಡುವುದು ಒಳ್ಳೆಯದು. ಮನೆಯ ವಿಷಯ ಅದರಲ್ಲಿರಲಿಲ್ಲ.

ಪರೀಕ್ಷೆ ನಡೆದ ಬೆಳಿಗ್ಗೆ ಅವಳನ್ನೂ ನಿಯಂತ್ರಣ ಕೋಣೆಗೆ ಕರೆದರು. ಹತ್ತು ತಿಂಗಳ ಮೇಲೆ ಆ ದೊಡ್ಡ ಪರದೆಯ ಮುಂದೆ ನಿಂತಿದ್ದಳು. ವಾರ್ಡುಗಳು ಒಂದರ ಹಿಂದೊಂದು ಹಳದಿಯಾದವು. ಹನ್ನೊಂದನೆಯದರಲ್ಲಿ ಅವಳ ಮನೆಯ ಚೌಕವೂ ಎಲ್ಲರ ಜತೆ ಹಳದಿಯಾಯಿತು. ಇಡೀ ಊರಿನಲ್ಲಿ ಇಪ್ಪತ್ತಮೂರು ಚೌಕಗಳು ಬೂದಿಬಣ್ಣಕ್ಕೆ ತಿರುಗಿದವು. ಈ ಸಲ ಅವಳು ಒಂದೊಂದನ್ನೂ ತಾನೇ ಮುಟ್ಟಿ, ನಂಬರು ಓದಿ ಹೇಳಿದಳು. ಸಂಜೆಯ ಹೊತ್ತಿಗೆ ಹೋದವರು ವರದಿ ತಂದರು. ಹತ್ತೊಂಬತ್ತು ಮನೆಗಳಲ್ಲಿ ಕರಿ ನೀಲಿ ಅದಲುಬದಲಾಗಿದ್ದವು. ಒಂದು ಮನೆಯಲ್ಲಿ ಇಪ್ಪತ್ತು ದಿನದ ಬಾಣಂತಿಯಿದ್ದಳಂತೆ.

ಜಹಗೀರದಾರರು ಅವಳನ್ನು ತಮ್ಮ ಕೋಣೆಗೆ ಕರೆದು ಕೂರಲು ಹೇಳಿದರು. ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಒಂದೇ ಹಂತದಲ್ಲಿ ಕಳಿಸು ಎಂದವರು ಅವರೇ. ವರದಿಯಲ್ಲಿ ಆ ಮಾತು ಬರಲಿಲ್ಲ, ಅದನ್ನು ಇಬ್ಬರೂ ಎಂದೂ ಎತ್ತಿರಲಿಲ್ಲ.

“ನೀಲಗಂಗಾ ಅವ್ರs, ನಾ ಒಂದು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತು ನಿಮ್ಮ ಮನ್ಯಾಗಿನ ಫ್ಯೂಸೂ ಹಿಂಗs ಹೋಗಿರಬಹುದಲ್ಲ. ಹಳೇ ಡಬ್ಬಿ ಯಾರು ಕೂಡಿಸಿದ್ರು?”

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು. ಒಂದು ಸಾವಿನ ವಿಷಯ, ಗೊತ್ತಾದ ಮೇಲೆ ಕೇಳದೆ ಬಿಡುವ ಹಾಗಿಲ್ಲ. ಅವಳ ಮೇಲ್ಮನವಿಗೆ ಒಂದು ಫಾರಂ ಸೇರಿಸಬೇಕು. ಕೂಡಿಸಿದವರ ಹೆಸರು ಬರೆದರೆ ಮಂಡಳಿಯವರು ಬಂದು ಅವರ ಹೇಳಿಕೆ ತೆಗೆದುಕೊಳ್ಳುತ್ತಾರೆ. ತಪ್ಪು ಆ ತಂತಿಯದೆಂದು ಖಚಿತವಾದರೆ ಅವಳು ಮತ್ತೆ ಈ ಕೋಣೆಗೆ ಬರಬಹುದು, ಆ ಪಾಠವನ್ನೂ ತೆಗೆಸಬಹುದು. ಹೆಸರಿನ ಜಾಗ ಖಾಲಿ ಬಿಟ್ಟರೆ ವಿಚಾರಿಸಲು ಮನೆಗೇ ಬರುತ್ತಾರೆ. ನಾಳೆ ಕೊಟ್ಟರೆ ಸಾಕು ಎಂದು ಫಾರಂ ಮುಂದೆ ಸರಿಸಿದರು.

ದಾಖಲೆ ಕೋಣೆಗೆ ಬಂದು ಕುಳಿತಾಗ ಉಳಿದವರು ಮನೆಗೆ ಹೊರಟಿದ್ದರು. ಕಪಾಟುಗಳ ನಡುವೆ ಹಳೆಯ ಕಾಗದದ ವಾಸನೆಯಿತ್ತು. ಅವಳಿಗೆ ರೇವಣಸಿದ್ಧನ ಕೈಗಳು ನೆನಪಾದವು. ಹೋದ ಬೇಸಿಗೆಯ ತನಕ ಅವು ನಡುಗುತ್ತಿರಲಿಲ್ಲ. ಮಂಡಳಿಯವರು ಪಡಸಾಲೆಯಲ್ಲಿ ಕುಳಿತು, ಕರಿ ತಂತಿಯನ್ನು ನೀವು ಎಲ್ಲಿ ಹಾಕಿದಿರಿ ಎಂದು ಕೇಳುತ್ತಾರೆ. ಅವನು ಹೆಮ್ಮೆಯಿಂದಲೇ ಹೇಳುತ್ತಾನೆ. ಹೇಳುತ್ತ ಹೇಳುತ್ತ ಅವರ ಮುಖ ನೋಡುತ್ತಾನೆ. ಆಮೇಲೆ ಆ ಮನೆಯಲ್ಲಿ ಕ್ಷಮಿಸುವ ಸರದಿ ಅವಳದಾಗುತ್ತದೆ. ಬೀಗರ ಮುಂದೆ, ಕಸ್ತೂರಿಯ ಮುಂದೆ, ಹಾಲಿನವನ ಮುಂದೆ ಅವಳು ಅವನ ಪರವಾಗಿ ಮಾತಾಡಬೇಕಾಗುತ್ತದೆ. ಆ ಮಾತು ಕೇಳಿಸಿಕೊಳ್ಳುವುದು ಹೇಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಇದೆಲ್ಲ ಪ್ರೀತಿಯೋ, ದಣಿವೋ ಅವಳಿಗೆ ತಿಳಿಯಲಿಲ್ಲ. ಒಂದು ಸಣ್ಣ ಸಿಟ್ಟೂ ಅದರಲ್ಲಿತ್ತು. ಕಳೆದ ಹತ್ತು ತಿಂಗಳಲ್ಲಿ ಒಂದು ಸಲವಾದರೂ ಅವನು ಕ್ಷಮಿಸದೆ ಬರೀ ಪಕ್ಕದಲ್ಲಿ ಕುಳಿತಿದ್ದರೆ, ಈಗ ಕೈ ಬೇರೆ ಏನನ್ನಾದರೂ ಬರೆಯುತ್ತಿತ್ತೇನೋ ಎನ್ನಿಸಿತು. ಆ ಯೋಚನೆಯನ್ನೂ ಬಹಳ ಹೊತ್ತು ಇಟ್ಟುಕೊಳ್ಳಲಿಲ್ಲ.

ಫಾರಂ ಬಿಡಿಸಿದಳು. ಮನೆಯ ನಂಬರು, ವಾರ್ಡು, ತಾರೀಖು ತುಂಬಿದಳು. ಕರಿ ಮತ್ತು ನೀಲಿ ಅದಲುಬದಲಾಗಿದ್ದವೇ ಎಂಬಲ್ಲಿ ಹೌದು ಎಂದು ಬರೆದಳು. ಅದನ್ನು ಸುಳ್ಳು ಮಾಡುವ ಮನಸ್ಸು ಅವಳಿಗಿರಲಿಲ್ಲ. ಹಳೆಯ ಡಬ್ಬಿ ಕೂಡಿಸಿದವರು ಎಂಬ ಗೆರೆಯ ಮೇಲೆ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅಲ್ಲಿ ತನ್ನ ಹೆಸರನ್ನು, ಅಪ್ಪನ ಮನೆಯವರು ಇಟ್ಟ ಹಾಗೆ, ಪೂರ್ತಿಯಾಗಿ ಬರೆದಳು. ಹೇಳಿಕೆ ಬೇಕಾದವರು ಇನ್ನು ಮನೆಗಲ್ಲ, ಈ ದಾಖಲೆ ಕೋಣೆಗೆ ಬರಬೇಕು. ಶಾಯಿ ಆರುವ ತನಕ ಕಾದು, ಹಾಳೆಯನ್ನು ಮಡಿಸಿ, ಜಹಗೀರದಾರರ ಮೇಜಿನ ಮೇಲೆ ಬೋರಲಾಗಿ ಇಟ್ಟು, ಮನೆಗೆ ಹೋಗುವ ಬಸ್ಸು ಹಿಡಿದಳು.